ಗೇರ್ ಬದಲಿಸಬೇಡ ತಮ್ಮಾ, ಮೊದಲ ಕಿಲೋಮೀಟರ್ ಬದಲಿಸು

ದೆಹಲಿಯ ಇಂದಿರಾ ಗಾಂಧಿ ವೆಲೋಡ್ರೋಮಿನಲ್ಲಿ (250 ಮೀಟರಿನ ಸೈಕಲ್ ಟ್ರ್ಯಾಕ್) ಓಡಿಸಿದ 3 ಕಿ.ಮೀ. ಪರ್ಸ್ಯೂಟಿನ (ಇಬ್ಬರು ಟ್ರ್ಯಾಕಿನ ಎದುರುಬದುರು ಬದಿಯಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವ ಪಂದ್ಯ) ಸುತ್ತುವಾರು ಸಮಯ ಹಾಕಿ, "ಕೊನೆಗೆ ಕಾಲು ಸತ್ತುಹೋಯಿತು. 50ಕ್ಕೆ 14 ಬಿಟ್ಟು 56ಕ್ಕೆ 14 ಹಾಕಲೇ ಅಣ್ಣಾ? ಗಾನ್ನಾ 65 ಹಲ್ಲು ಹಾಕುತ್ತಾನಲ್ಲ" ಎಂದು ಕೇಳಿದ್ದೀಯೆ. ಅಂದರೆ ಮುಂದಿನ ಹಲ್ಲುಚಕ್ರದಲ್ಲಿ (ಚೈನ್‌ರಿಂಗ್) 50ರ ಬದಲು 56 ಹಲ್ಲು, ಹಿಂದೆ 14 ಹಾಗೆಯೇ. ಗಾನ್ನಾ ಎಂದರೆ ಇಟಲಿಯ ಚಾಂಪಿಯನ್ ಫಿಲಿಪ್ಪೋ ಗಾನ್ನಾ. ಕೆಳಗೆ ಏಳೆಂಟು ಜನ "ಹಾಕು" ಎಂದೂ ಬರೆದಾಗಿದೆ. ಹಾಕಬೇಡ.

ಮೊದಲು ನಿನ್ನದೇ ಅಂಕಿಗಳನ್ನು ನೋಡು. ನಿಂತಲ್ಲಿಂದ ಹೊರಟ ಸುತ್ತು 23.8. ಆಮೇಲೆ 17.9, 18.2, 18.8. ಒಂದು ಕಿಲೋಮೀಟರಿಗೆ 1:18.7. ಎರಡನೆಯದಕ್ಕೆ 1:23.5, ಮೂರನೆಯದಕ್ಕೆ 1:28.6. ಒಟ್ಟು 4:10.8. ನಿಂತಲ್ಲಿಂದ ಹೊರಟ ಕಿಲೋಮೀಟರೇ ಮೂರರಲ್ಲಿ ಅತಿ ವೇಗದ್ದು! ಅದು ಅತಿ ನಿಧಾನದ್ದಾಗಿರಬೇಕಿತ್ತು. ಇದರಲ್ಲಿ ಗೇರಿನ ತಪ್ಪೇನಿದೆ?

17.9ರ ಸುತ್ತೆಂದರೆ ಗಂಟೆಗೆ 50 ಕಿ.ಮೀ. ದಾಟಿದ ವೇಗ. 20ರ ಸುತ್ತು 45 ಕಿ.ಮೀ. ನೋಡುವುದಕ್ಕೆ ಐದೇ ಕಿಲೋಮೀಟರ್ ವ್ಯತ್ಯಾಸ. ಆದರೆ ಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ, ಆ ಸುತ್ತಿನಲ್ಲಿ ನೀನು ಹೆಚ್ಚುಕಡಿಮೆ ಶೇ. 40 ಹೆಚ್ಚು ಶಕ್ತಿ ಸುರಿದಿದ್ದೀಯೆ. ಆಗ ಗೊತ್ತಾಗುವುದಿಲ್ಲ. 50 ಸೆಕೆಂಡಿನ ಎಣಿಕೆ ಮುಗಿದು, ಸೈಕಲ್ ಹಿಡಿದಿರುವ ಗೇಟ್ ಬಿಟ್ಟ ಮೇಲೆ ಎರಡು ಸುತ್ತು ಕಾಲಿದೆಯೆಂಬುದೇ ಅರಿವಿಗೆ ಬರುವುದಿಲ್ಲ. ಅದರ ಬಿಲ್ ಬರುವುದು ಆರನೆಯ ಸುತ್ತಿನಲ್ಲಿ.

ನನಗೆ ಹೇಗೆ ಗೊತ್ತೆಂದರೆ, ನಾನೂ ಇದನ್ನೇ ಮಾಡಿದವನು. ಮ್ಯಾಂಚೆಸ್ಟರಿಗೆ ಬಂದು ಎರಡನೆಯ ವರ್ಷ, ವೆಲೋಡ್ರೋಮಿನಲ್ಲಿ ಹವ್ಯಾಸಿಗಳ ಒಂದು ಸಂಜೆ ಪಂದ್ಯ. ಎದುರಿನ ಸ್ಟ್ರೇಟಿನಲ್ಲಿ ನಿಂತಿದ್ದವರು ಅರವತ್ತು ದಾಟಿದ ನಿವೃತ್ತ ಮೇಷ್ಟರು. ವಿಜಯಪುರದ ರಸ್ತೆಗಳಲ್ಲಿ ಸೈಕಲ್ ತುಳಿದು ಬೆಳೆದವನು ನಾನು, ಈ ಅಜ್ಜನನ್ನು ಹಿಡಿದೇಬಿಡುತ್ತೇನೆ ಎಂದುಕೊಂಡೆ. ಮೂರನೆಯ ಸುತ್ತಿನಲ್ಲಿ ತಲೆ ಎತ್ತಿ ಅಡ್ಡ ನೋಡಿದೆ, ಅಂತರ ಕಡಿಮೆಯಾಗಿತ್ತು. ಇನ್ನಷ್ಟು ಒತ್ತಿದೆ. ಎಂಟನೆಯ ಸುತ್ತಿಗೆ ಕಣ್ಣು ಮಂಜಾಯಿತು, ತಿರುವಿನಲ್ಲಿ ಮುಂದಿನ ಚಕ್ರ ಕಪ್ಪು ಗೆರೆ (ಸುತ್ತಿನ ಉದ್ದ ಅಳೆಯುವ ಗೆರೆ) ಬಿಟ್ಟು ಅದರ ಒಳಗಿನ ನೀಲಿ ಪಟ್ಟಿಗೆ ಇಳಿದು, ಯಾರೂ ಒಳಗೆ ಇಳಿಯದಿರಲೆಂದು ಅಲ್ಲಿಟ್ಟಿದ್ದ ಸ್ಪಂಜು "ದಪ್" ಎಂದು ಹಾರಿತು. ಹೆದರಿ ಮೇಲಕ್ಕೆಳೆದುಕೊಂಡರೆ ಕಪ್ಪು ಗೆರೆಗೂ ಮೇಲಿನ ಕೆಂಪು ಗೆರೆಯ ತನಕ ಹೋಗಿದ್ದೆ. ಫಿಕ್ಸೆಡ್ ಗೇರ್, ಕಾಲು ನಿಲ್ಲಿಸುವ ಹಾಗೂ ಇಲ್ಲ. ಮೇಷ್ಟರು ಒಂದೇ ಒಂದು ಸಲವೂ ತಲೆ ಎತ್ತಲಿಲ್ಲ, ನನಗಿಂತ ಆರು ಸೆಕೆಂಡ್ ಮೊದಲೇ ಮುಗಿಸಿ ಚಹಾ ಕುಡಿಯುವುದಕ್ಕೆ ಹೋದರು. ಮರುದಿನವೇ ನಾನು ಮಾಡಿದ್ದೇನು? ದೊಡ್ಡ ಚೈನ್‌ರಿಂಗ್ ತರಿಸಿದೆ. ಅದಕ್ಕೇ ನಿನ್ನ ಪ್ರಶ್ನೆ ನೋಡಿ ಮೈ ಉರಿದದ್ದು.

ಇನ್ನು ಗಾನ್ನಾನ 65. ಅದು 2022ರ ಅಕ್ಟೋಬರ್ 8ರಂದು ಗ್ರೆಂಚನ್‌ನಲ್ಲಿ ಒಂದು ಗಂಟೆಗೆ 56.792 ಕಿ.ಮೀ. ಹೋದಾಗಿನ ಗೇರ್. ಆರೇ ದಿನಗಳ ಮೇಲೆ ಫ್ರಾನ್ಸಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 4 ಕಿ.ಮೀ. ಪರ್ಸ್ಯೂಟನ್ನು 3:59.636ರಲ್ಲಿ ಮುಗಿಸಿದ. ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಆ ವೇಗದವನಿಗೆ ದೊಡ್ಡ ಗೇರ್ ಬೇಕು. ನೀನು 45ರ ವೇಗದಲ್ಲಿ 56ಕ್ಕೆ 14 ತುಳಿದರೆ ಪೆಡಲ್ ತಿರುಗುವುದು ನಿಮಿಷಕ್ಕೆ 90 ಸಲ, ಈಗಿನ ಗೇರಿನಲ್ಲಿ ನೂರು. ಗೇಟಿನಿಂದ ಎಳೆಯುವಷ್ಟರಲ್ಲೇ ತೊಡೆ ಮುಗಿದಿರುತ್ತದೆ. 51 ಹಾಕು, ಒಪ್ಪುತ್ತೇನೆ. ಅದಕ್ಕಿಂತ ಮೇಲೆ ಈ ವರ್ಷ ಮಾತೇ ಬೇಡ.

ಗಾನ್ನಾನಿಂದ ಕಲಿಯುವುದಿದ್ದರೆ 2023ರ ಗ್ಲಾಸ್ಗೋ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ನೋಡು. ಬಹುಪಾಲು ಬ್ರಿಟನ್ನಿನ ಡ್ಯಾನ್ ಬಿಗಮ್ ಮುಂದಿದ್ದ. ಗಾನ್ನಾ ಕೊನೆಯ ಸುತ್ತುಗಳಲ್ಲಿ ತಿಂದುಕೊಂಡು ಬಂದು 0.054 ಸೆಕೆಂಡಿನಿಂದ ಗೆದ್ದ. ಆ ವೇಗಕ್ಕೆ ಅದು ಒಂದು ಮೀಟರ್ ಕೂಡ ಅಲ್ಲ. ಈಗ ಇನ್ನೊಂದು ಲೆಕ್ಕ: ಕಪ್ಪು ಗೆರೆಗಿಂತ 20 ಸೆಂ.ಮೀ. ಮೇಲೆ ಒಂದೇ ಒಂದು ಸುತ್ತು ಹಾಕಿದರೆ 1.26 ಮೀಟರ್ ಹೆಚ್ಚು ದಾರಿ. ಒಂದು ಸುತ್ತಿನ ಅಡ್ಡಾದಿಡ್ಡಿಗೆ ವಿಶ್ವ ಪ್ರಶಸ್ತಿ ಹೋಗುತ್ತದೆ. ಹನ್ನೆರಡು ಸುತ್ತೂ ಹಾಗೆಯೇ ಹೋದರೆ ನಿನಗೆ 15 ಮೀಟರ್, ಅಂದರೆ 1.2 ಸೆಕೆಂಡ್. ನಿನ್ನ ವಿಡಿಯೋದಲ್ಲಿ ಕೊನೆಯ ನಾಲ್ಕು ಸುತ್ತು ಎಲ್ಲಿದ್ದೀಯೆ ನೋಡಿಕೋ, ನಾನು ಹೇಳುವುದಿಲ್ಲ. ಇದನ್ನು ಬಿಟ್ಟು ಸೆರಾಮಿಕ್ ಬೇರಿಂಗಿಗೆ ದುಡ್ಡು ಸುರಿಯುವವರನ್ನು ಕಂಡರೆ ನಗು ಬರುತ್ತದೆ.

ನನಗೆ ಫಲಿಸಿದ ಉಪಾಯ ಗೆರೆ ನಡಿಗೆ. ನಿನ್ನ ಗುರಿ ಹೀಗಿರಲಿ: ಮೊದಲ ಸುತ್ತು 25.5, ಉಳಿದ ಹನ್ನೊಂದು ತಲಾ 20. ಒಟ್ಟು 4:05.5, ಐದು ಸೆಕೆಂಡ್ ಬಿಟ್ಟಿ ಸಿಕ್ಕಿತು. ಪ್ರತಿ ಸುತ್ತಿನ ಕೊನೆಗೆ ಗಡಿಯಾರ ಎಷ್ಟಿರಬೇಕು ಎಂದು ಕೂಡಿಸಿ ಬರೆದಿಟ್ಟುಕೋ: 25.5, 45.5, 1:05.5, ಹೀಗೆ. ನನ್ನ ಹೆಂಡತಿ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಮಾರ್ಕರ್‌ನಲ್ಲಿ ಬರೆದುಕೊಂಡು, ಸ್ಟಾಪ್‌ವಾಚ್ ಹಿಡಿದು ನಾನು ಹೊರಟ ಗೆರೆಯ ಪಕ್ಕ ಟ್ರ್ಯಾಕಿನ ಒಳಗಡೆ ನಿಲ್ಲುತ್ತಾಳೆ. ಲೆಕ್ಕಕ್ಕೆ ಸರಿಯಾಗಿದ್ದರೆ ಗೆರೆಯ ನೇರಕ್ಕೇ ಇರುತ್ತಾಳೆ. ಅರ್ಧ ಸೆಕೆಂಡ್ ಮುಂದಿದ್ದರೆ ನಾನು ಹೋಗುವ ದಿಕ್ಕಿಗೆ ಒಂದು ಹೆಜ್ಜೆ, ಹಿಂದಿದ್ದರೆ ಹಿಂದಕ್ಕೆ ಒಂದು ಹೆಜ್ಜೆ. ತಲೆ ಎತ್ತಬೇಕಿಲ್ಲ, ಕಣ್ಣಂಚಿಗೆ ಅವಳ ಕೆಂಪು ಶೂ ಕಂಡರೆ ಸಾಕು. ಕೂಗಬಾರದೆಂದು ಮೊದಲೇ ಹೇಳಿಡು. ಕೂಗಿದರೆ ನೀನು ಒತ್ತುತ್ತೀಯೆ. ಮೊದಲ ನಾಲ್ಕು ಸುತ್ತಿನಲ್ಲಿ ಎರಡು ಹೆಜ್ಜೆ ಮುಂದೆ ಕಂಡರೆ ಖುಷಿಪಡಬೇಡ, ಇಳಿಸು.

ಇದಕ್ಕೂ ಷರತ್ತುಗಳಿವೆ. ಪಂದ್ಯದಲ್ಲಿ ಎಲ್ಲಿ ನಿಲ್ಲಬಹುದೆಂದು ಸಂಘಟಕರನ್ನು ಮೊದಲೇ ಕೇಳು. ಹ್ಯಾಂಡಲ್ ಮೇಲೆ ಕಾಣುವಂತೆ ಕಂಪ್ಯೂಟರ್ ಇಟ್ಟುಕೊಂಡು ಟ್ರ್ಯಾಕ್ ಪಂದ್ಯ ಓಡಿಸಲು ಬಿಡುವುದಿಲ್ಲ, ಅದನ್ನು ನಂಬಿ ಅಭ್ಯಾಸ ಮಾಡಬೇಡ. ಸೀಟಿನ ಕೆಳಗೆ ಅಂಟಿಸಿ ಆಮೇಲೆ ನೋಡು. 333 ಮೀಟರಿನ ಟ್ರ್ಯಾಕಾದರೆ ಒಂಬತ್ತೇ ಸುತ್ತು, ಪಟ್ಟಿ ಬೇರೆ. ಬೇರೆ ಬೇರೆ ಊರಿನ ಸಮಯವನ್ನೂ ಹೋಲಿಸಬೇಡ. ಅಮೆರಿಕದ ಆಷ್ಟನ್ ಲ್ಯಾಂಬಿ 2021ರಲ್ಲಿ 4 ಕಿ.ಮೀ.ಯನ್ನು ಮೊದಲ ಸಲ ನಾಲ್ಕು ನಿಮಿಷದೊಳಗೆ ಮುಗಿಸಿದ್ದು ಮೆಕ್ಸಿಕೋದ ಆಗ್ವಾಸ್‌ಕಾಲಿಯೆಂತೆಸ್ ಎಂಬ ಎತ್ತರದ ಊರಿನಲ್ಲಿ, ಅಲ್ಲಿ ಗಾಳಿಯೇ ತೆಳು. ದೆಹಲಿಯ ಸೆಕೆಯಲ್ಲೂ ಚಳಿಗಾಲದಲ್ಲೂ ಒಂದೇ ಸಮಯ ಬರುವುದಿಲ್ಲ.

ಗೇಟಿನಲ್ಲಿ ಸೊಂಟವನ್ನು ಹಿಂದಕ್ಕೆ ತೆಗೆದುಕೊಂಡು ಕೊನೆಯ ಬೀಪಿಗೆ ಮುಂದಕ್ಕೆ ಬೀಳು. ನೀನು ಸೊಂಟ ಎತ್ತದೆ ಬರೀ ಕಾಲಿನಲ್ಲಿ ಎಳೆಯುತ್ತಿದ್ದೀಯೆ. ಅರ್ಧ ಸುತ್ತಿಗೆಲ್ಲ ಕುಳಿತು ಏರೋ ಬಾರಿಗೆ (ಮೊಣಕೈ ಊರುವ, ಮುಂದಕ್ಕೆ ಚಾಚಿದ ಹ್ಯಾಂಡಲ್) ಇಳಿದುಬಿಡು. ಚೈನ್ ಇಜುಮಿ ಹಾಕು, ಅದರ ಮೇಲೆ ಚರ್ಚೆ ಬೇಡ. ವಿಟ್ಟೋರಿಯಾ ಪಿಸ್ತಾ ಟಯರ್ ಮರದ ಹಲಗೆಗೆ ಚೆನ್ನ, ಅದನ್ನೇ ಸಿಮೆಂಟ್ ಟ್ರ್ಯಾಕಿಗೆ ಒಯ್ದು ಹರಿದುಕೊಂಡು ಇಲ್ಲಿ ಬಂದು ಅಳಬೇಡಿ. ಸಡಿಲ ಸ್ಕಿನ್‌ಸೂಟ್ ತೋಳಿನ ಬಳಿ ಪಟಪಟ ಹೊಡೆಯುತ್ತಿದೆ, ಅದನ್ನು ದರ್ಜಿಗೆ ಕೊಟ್ಟು ಬಿಗಿ ಮಾಡಿಸು, ಚಕ್ರಕ್ಕಿಂತ ಅಗ್ಗ. ಮುಗಿದ ಮೇಲೆ ಅರ್ಧ ಗಂಟೆ ಕೆಮ್ಮು ಬಂದರೆ ಗಾಬರಿಯಾಗಬೇಡ, ಬಹಳ ಜನರಿಗೆ ಬರುತ್ತದೆ. ಎರಡು ದಿನ ಉಳಿದರೆ ಮಾತ್ರ ವೈದ್ಯರಿಗೆ ತೋರಿಸು.

4 ಕಿ.ಮೀ.ಗೆ ಹೋಗುವ ಆಸೆ ಈಗಲೇ ಬೇಡ. 2025ರಿಂದ ಮಹಿಳೆಯರಿಗೂ 4 ಆಗಿದೆ, ನಿನ್ನ ತಂಗಿ ಓಡಿಸುವುದಾದರೆ ಅವಳಿಗೂ ಈ ಪಟ್ಟಿಯನ್ನೇ ಹದಿನಾರು ಸುತ್ತಿಗೆ ಹಿಗ್ಗಿಸಿ ಕೊಡು.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. 51ರ ಚೈನ್‌ರಿಂಗ್ ಒಂದು ಇಲ್ಲಿ ಸುಮ್ಮನೆ ಬಿದ್ದಿದೆ, 144ರ ಬೋಲ್ಟ್ ಅಳತೆಯದು. ನಿನ್ನ ಕ್ರ್ಯಾಂಕಿಗೆ ಕೂರುತ್ತದೆಯೇ ನೋಡಿ ಹೇಳು, ತರುತ್ತೇನೆ.