ಧಾರಾವಾಹಿಯೋ ಸಿನಿಮಾವೋ? 7 ವರ್ಷದ ಮಗಳಿಗೆ ಎರಡು ಅವಕಾಶ

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ. ಒಂದು ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೇಲೆ ಒಟ್ಟಿಗೇ ಎರಡು ಅವಕಾಶ ಬಂದಿವೆ. ಒಂದು, ದಿನಾ ಪ್ರಸಾರವಾಗುವ ಧಾರಾವಾಹಿಯಲ್ಲಿ ನಾಯಕಿಯ ಮಗಳ ಪಾತ್ರ. ಇನ್ನೊಂದು, ಸಿನಿಮಾದಲ್ಲಿ ಎಂಟು-ಹತ್ತು ದಿನದ ಸಣ್ಣ ಪಾತ್ರ. ಧಾರಾವಾಹಿಯಾದರೆ ಬೇಗ ಹೆಸರು ಬರುತ್ತೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಯಾವುದನ್ನು ಒಪ್ಪಿಕೊಳ್ಳಲಿ? ಅವಳ ಸಂಭಾವನೆ ಏನು ಮಾಡಲಿ? ಅವಳ ಮುಂದಿನ ಹಲ್ಲು ಬೇರೆ ಅಲ್ಲಾಡುತ್ತಿದೆ.

ಉತ್ತರ: ಸಿನಿಮಾ ಒಪ್ಪಿಕೊಳ್ಳಿ. ಸಿನಿಮಾ ದೊಡ್ಡದು, ಟೀವಿ ಚಿಕ್ಕದು ಅಂತ ಅಲ್ಲ. ಅದು ಯಾವತ್ತು ಮುಗಿಯುತ್ತೆ ಅಂತ ನಿಮಗೆ ಈಗಲೇ ಗೊತ್ತಿದೆ, ಅದಕ್ಕೆ.

ಧಾರಾವಾಹಿಗೆ ಆ ದಿನ ಇರುವುದಿಲ್ಲ. ಮಗು ಜನರಿಗೆ ಇಷ್ಟವಾದರೆ ಪಾತ್ರ ಬೆಳೆಯುತ್ತಾ ಹೋಗುತ್ತದೆ. ವಾರಕ್ಕೆ ಎರಡು ದಿನ ಅಂದವರು ಐದು ದಿನ ಕರೆಯುತ್ತಾರೆ. ಶಾಲೆ ಹಿಂದೆ ಬೀಳುತ್ತದೆ. ಆಮೇಲೆ ಒಂದು ದಿನ ಕಥೆ ಹತ್ತು-ಹನ್ನೆರಡು ವರ್ಷ ಮುಂದಕ್ಕೆ ಹಾರುತ್ತದೆ, ಅದೇ ಪಾತ್ರಕ್ಕೆ ದೊಡ್ಡ ಹುಡುಗಿ ಬರುತ್ತಾಳೆ. ಹೋದಲ್ಲೆಲ್ಲ ಸೆಲ್ಫಿ ಕೇಳುತ್ತಿದ್ದವರು ಮರೆತುಬಿಡುತ್ತಾರೆ. ದೊಡ್ಡವರಿಗೇ ಅದು ಕಷ್ಟ, ಅಲ್ವಾ?

ಇನ್ನೊಂದು ಕಾರಣ ನಟನೆಗೆ ಸಂಬಂಧಿಸಿದ್ದು. ದಿನಕ್ಕೊಂದು ಕಂತು ಮುಗಿಸುವ ಅವಸರದಲ್ಲಿ ಮಗುವಿಗೆ ಮಾತು ಕಲಿಸುತ್ತಾ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಸಹಾಯಕರು ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಾರೆ, ಮಗು ಗಿಳಿಪಾಠ ಒಪ್ಪಿಸುತ್ತದೆ. ಎದುರಿನವರ ಮಾತು ಕೇಳಿಸಿಕೊಂಡು ಉತ್ತರ ಕೊಡುವ ಅಭ್ಯಾಸವೇ ಬೆಳೆಯುವುದಿಲ್ಲ. ನನ್ನ ಮಟ್ಟಿಗೆ ನಟನೆ ಅಂದರೆ ಅರ್ಧಕ್ಕಿಂತ ಜಾಸ್ತಿ ಆ ಕೇಳಿಸಿಕೊಳ್ಳುವುದೇ. ಸಿನಿಮಾದಲ್ಲೂ ಅವಸರದವರು ಇದ್ದಾರೆ ಬಿಡಿ. ಆದರೂ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ.

ಶೂಟಿಂಗ್‌ಗೆ ಹೋಗುವ ಮುಂಚೆ ಮಗಳಿಗೆ ಒಂದು ವಿಷಯ ಹೇಳಿ. ಒಂದೇ ದೃಶ್ಯವನ್ನು ದೂರದಿಂದ, ಹತ್ತಿರದಿಂದ, ಎದುರಿನವರ ಭುಜದ ಹಿಂದಿನಿಂದ ಹೀಗೆ ಮತ್ತೆ ಮತ್ತೆ ತೆಗೆಯುತ್ತಾರೆ. ಚೆನ್ನಾಗಿ ಅತ್ತು ಮುಗಿಸಿದ ಮಗುವಿಗೆ 'ಒನ್ ಮೋರ್' ಅಂತ ಕೇಳಿಸಿದರೆ ಅದು ತಿರುಗಿ ಅಮ್ಮನ ಮುಖ ನೋಡುತ್ತದೆ. 'ನಾನು ತಪ್ಪು ಮಾಡಿದ್ನಾ?' ಅಂತ. ಇಲ್ಲ, ಕ್ಯಾಮೆರಾ ಜಾಗ ಬದಲಾಗಿದೆ ಅಷ್ಟೇ. ಇದು ಮೊದಲೇ ಗೊತ್ತಿದ್ದರೆ ಮಗು ಅರ್ಧ ಸುಸ್ತಾಗುವುದಿಲ್ಲ. ಮತ್ತೆ ಅಳಿಸಲಿಕ್ಕೆ ಯಾರಾದರೂ ಬೈಯುವುದು, 'ನಿಮ್ಮಮ್ಮ ಬಿಟ್ಟು ಹೋದ್ರು' ಅಂತ ಹೆದರಿಸುವುದು ಮಾಡಿದರೆ ಅಲ್ಲೇ ತಡೆಯಿರಿ. ಅದಕ್ಕೇ ನೀವು ಸೆಟ್‌ನಲ್ಲಿ ಇರಬೇಕು. ಮಾನಿಟರ್ ಹಿಂದೆ ನಿಂತು ನಿರ್ದೇಶನ ಮಾಡಲಿಕ್ಕಲ್ಲ.

ಕೆಲಸದ ಹೊತ್ತಿಗೂ ಲೆಕ್ಕವಿದೆ. ಭಾರತದ ನಿಯಮದಲ್ಲಿ ಬಾಲಕಲಾವಿದರಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ. ಅಮೆರಿಕದಲ್ಲಿ ಎಳೆ ಮಕ್ಕಳಿಗೆ ಇನ್ನೂ ಬಿಗಿ. ಅದಕ್ಕೇ ಅಲ್ಲಿ ಒಂದು ಪಾತ್ರಕ್ಕೆ ಅವಳಿಗಳನ್ನು ಹುಡುಕುತ್ತಾರೆ. 1987ರಲ್ಲಿ ಶುರುವಾದ 'ಫುಲ್ ಹೌಸ್' ಧಾರಾವಾಹಿಯ ಮಿಶೆಲ್ ಅನ್ನುವ ಪುಟ್ಟ ಹುಡುಗಿ ನಿಜಕ್ಕೂ ಇಬ್ಬರು: ಮೇರಿ-ಕೇಟ್ ಮತ್ತು ಆಶ್ಲೀ ಓಲ್ಸೆನ್.

ಈಗ ದುಡ್ಡಿನ ಮಾತು. ಚಾಪ್ಲಿನ್ ಜೊತೆ 1921ರ 'ದಿ ಕಿಡ್' ಚಿತ್ರದಲ್ಲಿ ನಟಿಸಿದ ಜಾಕಿ ಕೂಗನ್ ನಿಮಗೆ ನೆನಪಿರಬಹುದು. ದೊಡ್ಡ ಟೋಪಿಯ ಆ ಪೋರ ಬಾಲ್ಯದಲ್ಲೇ ಲಕ್ಷಾಂತರ ಡಾಲರ್ ದುಡಿದ. ದೊಡ್ಡವನಾಗಿ ಕೇಳಿದರೆ ಹೆಚ್ಚಿನದೆಲ್ಲ ಖರ್ಚಾಗಿತ್ತು. ಖರ್ಚು ಮಾಡಿದವರು ತಾಯಿ ಮತ್ತು ಮಲತಂದೆ. 1938ರಲ್ಲಿ ಅವರ ಮೇಲೇ ಕೇಸು ಹಾಕಿದ. ಕೊನೆಗೆ ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಮಕ್ಕಳ ದುಡಿಮೆ ತಾಯ್ತಂದೆಗೇ ಸೇರಿದ್ದು ಅಂತ ಆಗಿನ ಕಾನೂನೇ ಹೇಳುತ್ತಿತ್ತು! 1939ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂದಿತು. ಈಗ ಅಲ್ಲಿ ಗಳಿಕೆಯ ಶೇ 15ನ್ನು ಮಗುವಿಗೆಂದೇ ತೆಗೆದಿಡಬೇಕು. ಭಾರತದಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನ ಠೇವಣಿಗೆ ನೇರವಾಗಿ ಹೋಗಬೇಕು, ವಯಸ್ಕಳಾದ ಮೇಲೆ ಅವಳಿಗೆ ಸಿಗುತ್ತದೆ. ನನ್ನನ್ನು ಕೇಳಿದರೆ ಓಡಾಟದ ಖರ್ಚು ಕಳೆದು ಉಳಿದದ್ದೆಲ್ಲ ಅವಳ ಹೆಸರಿಗೇ ಇಡಿ. ಮನೆಯ ಸಾಲದ ಕಂತು ಅವಳ ಸಂಭಾವನೆಯಿಂದ ಹೋಗತೊಡಗಿದರೆ, ಅವಳು 'ನಂಗೆ ಬೇಡ' ಅಂದ ದಿನ ನಿಮಗೆ ಹೂಂ ಅನ್ನಲಿಕ್ಕಾಗುವುದಿಲ್ಲ.

ಧಾರಾವಾಹಿಯವರಿಗೆ ಏನು ಹೇಳುವುದು? ಸುಮ್ನೆ 'ಈ ವರ್ಷ ಬೇಡ' ಅಂದುಬಿಡಿ. ಬಿಡಲು ಮನಸ್ಸಿಲ್ಲದಿದ್ದರೆ ತಿಂಗಳಿಗೆ ಎಷ್ಟು ದಿನ, ಯಾವ ತಿಂಗಳವರೆಗೆ ಅನ್ನುವುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಹಲ್ಲಿನ ವಿಷಯ ಇವತ್ತೇ ನಿರ್ದೇಶಕರಿಗೆ ಫೋನ್ ಮಾಡಿ ತಿಳಿಸಿ. ಇದು ತಮಾಷೆಯಲ್ಲ. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲವಲ್ಲ, ಬಾಗಿಲ ಹೊರಗೆ ಹಲ್ಲಿದ್ದ ಹುಡುಗಿ ಒಳಗೆ ಬರುವಷ್ಟರಲ್ಲಿ ಬೊಚ್ಚುಬಾಯಿ ಆಗಿಬಿಡುತ್ತಾಳೆ. ಹಾಲಿವುಡ್‌ನ ಹಳೆಯ ಕಾಲದ ಬಾಲನಟಿ ಶರ್ಲಿ ಟೆಂಪಲ್‌ಗೆ ಹಾಲುಹಲ್ಲು ಬಿದ್ದ ಜಾಗದಲ್ಲಿ ಕೃತಕ ಹಲ್ಲು ಹಾಕಿ ಶೂಟಿಂಗ್ ಮಾಡುತ್ತಿದ್ದರು. ನಿಮ್ಮ ನಿರ್ದೇಶಕರು ಜಾಣರಾದರೆ ಬಿದ್ದ ಹಲ್ಲನ್ನೇ ಕಥೆಗೆ ಸೇರಿಸಿಕೊಂಡಾರು.