ಖುಷ್ಕಿ, ಶುಷ್ಕ ಮತ್ತು ಒಣ

ಮಾನ್ಯ ಓದುಗರೇ,

ಜಮೀನಿನ ದಾಖಲೆಯಾದ ಪಹಣಿಯಲ್ಲಿ ಮಳೆಯಾಶ್ರಿತ ಹೊಲಕ್ಕೆ ಬಳಸುವ ‘ಖುಷ್ಕಿ’ ಎಂಬುದು ಸಂಸ್ಕೃತದ ‘ಶುಷ್ಕ’ವೇ ಜನರ ಬಾಯಲ್ಲಿ ಕೆಟ್ಟು ಆದ ರೂಪವೆಂದೂ, ನಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ‘ಶುಷ್ಕ ಭೂಮಿ’ ಎಂದೇ ಅಚ್ಚಾಗಬೇಕೆಂದೂ ತಾವು ಬರೆದಿದ್ದೀರಿ. ಎರಡಕ್ಕೂ ನಂಟಿದೆಯೆಂಬ ತಮ್ಮ ಊಹೆ ಸರಿ. ಆದರೆ ಆ ನಂಟು ತಾಯಿಮಕ್ಕಳದಲ್ಲ, ಒಡಹುಟ್ಟಿದವರದು.

‘ಖುಷ್ಕಿ’ ಎಂಬುದು ಒಣಗಿದ ಎಂಬರ್ಥದ ಪಾರಸಿ (ಪರ್ಷಿಯನ್) ಭಾಷೆಯ ‘ಖುಷ್ಕ್’ ಪದಕ್ಕೆ ‘ಈ’ ಪ್ರತ್ಯಯ ಸೇರಿ ಆದ ನಾಮಪದ. ಸಂಸ್ಕೃತವೂ ಇರಾನೀ ಭಾಷೆಗಳೂ ಒಂದೇ ಮೂಲದಿಂದ ಕವಲೊಡೆದಾಗ, ಸಂಸ್ಕೃತದಲ್ಲಿ ಸಕಾರವಾಗಿ ಉಳಿದದ್ದು ಇರಾನೀ ಕವಲಿನಲ್ಲಿ ಹಕಾರವಾಯಿತು. ‘ಸಪ್ತ’ಕ್ಕೆ ಪಾರಸಿಯಲ್ಲಿ ‘ಹಫ್ತ್’ ಎನ್ನುವುದು, ನಾವು ದಿನವೂ ಆಡುವ ‘ಹಫ್ತಾ’ ಅದರಿಂದ ಹುಟ್ಟಿದ್ದು ಹೀಗೆ. ಶಕಾರದಿಂದ ಆರಂಭವಾಗುವ ‘ಶುಷ್ಕ’ ಈ ನಿಯಮಕ್ಕೆ ಹೇಗೆ ಒಳಪಟ್ಟೀತೆಂದು ತಾವು ಕೇಳಬಹುದು. ಅದರ ಮೊದಲಕ್ಷರವೂ ಮೂಲದಲ್ಲಿ ಸಕಾರವೇ ಆಗಿದ್ದು, ಮುಂದಿನ ಷಕಾರದ ಸೆಳೆತದಿಂದ ಶಕಾರವಾಯಿತು. ಮಾವ ಎಂಬರ್ಥದ ‘ಶ್ವಶುರ’ದ ಮೊದಲಕ್ಷರಕ್ಕೂ ಇಂಥದೇ ಗತಿ ಒದಗಿದೆ. ಜರತುಷ್ಟ್ರ ಧರ್ಮದ ಪ್ರಾಚೀನ ಗ್ರಂಥವಾದ ಅವೆಸ್ತಾದ ಭಾಷೆಯಲ್ಲಿ ಒಣಗಿದ ಎಂಬರ್ಥದ ಪದ ‘ಹುಷ್ಕ’ ಎಂದಿದೆ, ಆ ಹಕಾರವೇ ಪಾರಸಿಯಲ್ಲಿ ಖಕಾರವಾಯಿತು. ಹೀಗೆ ಬೇರ್ಪಟ್ಟ ಎರಡರಲ್ಲಿ ಒಂದು ಸಂಸ್ಕೃತದ ಕಾವ್ಯಶಾಸ್ತ್ರಗಳ ಮೂಲಕ ಕನ್ನಡಕ್ಕೆ ಬಂದರೆ, ಇನ್ನೊಂದು ಪಾರಸಿ ಬಲ್ಲ ಕಂದಾಯದ ಕಚೇರಿಗಳ ಮೂಲಕ ತರಿ (ನೀರಾವರಿ ಜಮೀನು), ಬಾಗಾಯ್ತು (ತೋಟದ ಜಮೀನು), ಜಮೀನು ಮುಂತಾದ ಮಾತುಗಳ ಜೊತೆಗೆ ಬಂದಿತು. ‘ಖುಷಿ’ಗೂ ಇದಕ್ಕೂ ಸಂಬಂಧವಿಲ್ಲ.

ಅಚ್ಚಗನ್ನಡದ ‘ಒಣ’ ಬೇರೆಯೇ ವಂಶದ್ದು. ತಮಿಳಿನ ‘ಉಣಂಗು’, ಮಲಯಾಳದ ‘ಉಣಕ್ಕ’ ಅದರ ಬಂಧುಗಳು. ತಮಿಳಿನ ಉಕಾರಕ್ಕೆ ಕನ್ನಡದಲ್ಲಿ ಒಕಾರ ಬರುವುದನ್ನು ಉಡಲ್–ಒಡಲು, ಪುಗೈ–ಹೊಗೆ ಜೋಡಿಗಳಲ್ಲಿಯೂ ಕಾಣಬಹುದು. ಈ ಪುಟ್ಟ ಪದದ ಅರ್ಥವ್ಯಾಪ್ತಿಯನ್ನು ನಾನು ಬಹಳ ಮೆಚ್ಚುತ್ತೇನೆ. ನೀರಿಲ್ಲದ್ದು ರಸವಿಲ್ಲದ್ದಾಗಿ, ರಸವಿಲ್ಲದ್ದು ತಿರುಳಿಲ್ಲದ್ದಾಗಿ, ಒಣ ಜಂಭ, ಒಣ ಹರಟೆ, ಒಣ ವೇದಾಂತ ಎಂಬಲ್ಲಿಯವರೆಗೂ ಅದು ಬೆಳೆದಿದೆ. ‘ಶುಷ್ಕ ಪಾಂಡಿತ್ಯ’ದಲ್ಲಿ ಸಂಸ್ಕೃತ ಪದವೂ ಇದೇ ದಾರಿ ಹಿಡಿದಿದೆ, ‘ಖುಷ್ಕಿ’ ಮಾತ್ರ ಹೊಲ ಬಿಟ್ಟು ಕದಲಲಿಲ್ಲ.

ತಮ್ಮ ಸಲಹೆಯನ್ನು ನಾವು ಒಪ್ಪಲಾಗದಿರುವುದೂ ಇದರಿಂದಲೇ. ‘ಶುಷ್ಕ ಭೂಮಿ’ ಎಂದರೆ ಓದುಗರು ಮಳೆಯೇ ಅಪರೂಪವಾದ ಪ್ರದೇಶವೆಂದು ತಿಳಿಯುತ್ತಾರೆ. ಖುಷ್ಕಿಯಾದರೋ ಕಾಲುವೆ, ಕೆರೆಗಳ ನೀರಿಲ್ಲದೆ ಮಳೆಯನ್ನೇ ನಂಬಿದ ಜಮೀನು, ಮಳೆ ಚೆನ್ನಾಗಿ ಬೀಳುವ ಸೀಮೆಯಲ್ಲಿಯೂ ಅದು ಇರಬಲ್ಲದು. ಆದಕಾರಣ ಪಹಣಿಯ ವಿಷಯ ಬಂದಲ್ಲಿ ‘ಖುಷ್ಕಿ’ ಎಂದೂ, ಉಳಿದ ಬರಹಗಳಲ್ಲಿ ‘ಮಳೆಯಾಶ್ರಿತ ಹೊಲ’ ಎಂದೂ ಅಚ್ಚುಮಾಡುತ್ತೇವೆ.

— ಸಂಪಾದಕ