ಓದುಗರ ಪ್ರಶ್ನೆ-ಉತ್ತರ: ಕಪ್ಪತಗುಡ್ಡ, ಸೈಕಲ್ಲು ಮತ್ತ ಗುಡುಗು-ಮಳಿ

ಪ್ರಶ್ನೆ: ನಮಸ್ಕಾರ್ರಿ ಸರ್. ನಾವು ಹುಬ್ಬಳ್ಳಿ ವಿದ್ಯಾನಗರದ ಗೆಳೆಯಾರು, ದಿನಾ ಮುಂಜಾನಿ ಉಣಕಲ್ ಕೆರಿ ತನಕ ಸೈಕಲ್ ಹೊಡೀತೀವಿ. ಮೇ ಕಡೀಕ ಒಂದಿನ ಗದಗಕ್ಕ ಹೋಗಿ ಅಲ್ಲಿಂದ ಡಂಬಳ, ಡೋಣಿ ಹಾದಿ ಹಿಡದು ಕಪ್ಪತಗುಡ್ಡ ಏರಿ ಇಳದು ಬರಬೇಕಂತ ಮಾಡೀವಿ. ಮನ್ಯಾಗ ಒಪ್ಪವಲ್ಲರು, ಈಗ ದಿನಾ ಸಂಜಿಗೆ ಗುಡುಗು-ಮಳಿ ಅದ, ಗುಡ್ಡದ ಮ್ಯಾಲ ಸಿಕ್ಕೊಂಡ್ರ ಏನ್ ಮಾಡ್ತೀರಿ ಅಂತಾರ. ಹೋಗಬಹುದೇನ್ರಿ? ಎಂಥಾ ರೇನ್‌ಕೋಟ್ ತಗೋಬೇಕು ಅದನ್ನೂ ಹೇಳ್ರಿ.
— ಓದುಗರು, ಹುಬ್ಬಳ್ಳಿ

ಉತ್ತರ: ಹೋಗ್ರಿ, ಖಂಡಿತ ಹೋಗ್ರಿ, ಆದ್ರ ಮನ್ಯಾವರು ಹೇಳೋದೂ ಖರೇ ಅದ. ರೇನ್‌ಕೋಟ್ ಮಾತು ಆಮ್ಯಾಲ ಆಡೋಣ. ಮೇ ತಿಂಗಳ ಬಿಸಲಾಗ ಮೈ ತೊಯ್ಯೋದು ಅಷ್ಟು ದೊಡ್ಡ ಮಾತಲ್ಲ, ಅಡ್ಡಮಳಿ ದಿನ ನಮ್ಮ ಕಡೆ ಸೈಕಲ್ಲಿನವರು ಅಂಜಬೇಕಾದ್ದು ಸಿಡ್ಲಿಗೆ, ಅದರ ಹಿಂದ ಬರೋ ಗಾಳಿಗೆ.

ಈ ಮಳಿಗೆ ಒಂದು ಟೈಮ್ ಇರತದ. ಮುಂಜಾನಿಯಿಂದ ನೆಲ ಕಾದು ಕಾದು ಬಿಸಿ ಹವಾ ಮ್ಯಾಲ ಏರಿ ಎರಡು-ಮೂರು ಗಂಟೆ ಸುಮಾರಿಗೆ ಮೋಡ ಕಟ್ಟತದ, ಸಂಜಿ ಅನ್ನೂದ್ರಾಗ ಒಡೀತದ. ಯಾವಾಗ್ಲೂ ಹಿಂಗ ಅಂತ ಹೇಳಾಕ ಬರೂದಿಲ್ಲ ಆದ್ರ ಬಹಳಷ್ಟು ದಿನ ಹಿಂಗ. ಅದಕ್ಕ ಗದಗ ಬಿಡೋದು ನಸುಕಿನ್ಯಾಗ ಐದೂವರಿಗೆ ಇಟ್ಕೋರಿ, ಡಂಬಳ ಸುಮಾರು 20 ಕಿ.ಮೀ., ಏಳಕ್ಕ ಮುಟ್ಟತೀರಿ, ಅಲ್ಲೇ ಚಹಾ ಕುಡದು ಗುಡ್ಡ ಹತ್ರಿ, ಹನ್ನೆರಡರೊಳಗ ಮ್ಯಾಲಿಂದ ಇಳದು ಬಂದಿರಬೇಕು. ಡಂಬಳದ ದೊಡ್ಡಬಸಪ್ಪನ ಗುಡಿ ಹೋಗೂ ಮುಂದ ನೋಡಬ್ಯಾಡ್ರಿ, ಬರೂ ಮುಂದ ನೋಡ್ರಿ. ಹನ್ನೆರಡನೇ ಶತಮಾನದ ಗುಡಿ, 24 ಮೂಲಿ ನಕ್ಷತ್ರದಾಕಾರದ ತಳಪಾಯ, ಒಂದ್ ಸುತ್ತು ಹಾಕಿದ್ರ ಗ್ವಾಡಿ ಮ್ಯಾಲಿನ ನೆರಳು ಹೆಜ್ಜಿಗೊಮ್ಮೆ ಬ್ಯಾರೇನ ಕಾಣತದ, ಇಂಥಾದ್ದಕ್ಕ ಗಡಿಬಿಡಿ ಮಾಡಬಾರದು. ಆ ಹೊತ್ತಿಗೆ ಮೋಡ ಬಂದ್ರೂ ನೀವು ಊರಾಗ ಇರ್ತೀರಿ, ಗುಡ್ಡದ ಮ್ಯಾಲ ಇರೂದಿಲ್ಲ.

ಇನ್ನೊಂದು ಮಾತು, ಕಪ್ಪತಗುಡ್ಡ 2019ರಾಗ ವನ್ಯಜೀವಿಧಾಮ ಆಗೇದ. ಡಾಂಬರ್ ರೋಡ್ ಬಿಟ್ಟು ಒಳಗ ಹೋಗೂದಿದ್ರ ಅರಣ್ಯ ಇಲಾಖೆಯವರನ್ನ ಮೊದಲ ಕೇಳ್ರಿ, ಕಿರುದಾರಿ ಕಂಡ್ಕೂಡ್ಲೆ ಸೈಕಲ್ ತಿರುಗಸಬ್ಯಾಡ್ರಿ.

ಸಿಡ್ಲಿನ ಲೆಕ್ಕ ಹಿಂಗ. ಮಿಂಚು ಕಂಡ್ಕೂಡ್ಲೆ ಎಣಸ್ರಿ, ಗುಡುಗು ಕೇಳೂತನಕ ಮೂರು ಸೆಕೆಂಡಿಗೆ ಒಂದು ಕಿ.ಮೀ. 30 ಸೆಕೆಂಡಿನೊಳಗ ಕೇಳಿಸ್ತಂದ್ರ ಸಿಡ್ಲು 10 ಕಿ.ಮೀ. ಒಳಗ ಅದ, ಆಗ ಸೈಕಲ್ ನಿಲ್ಲಿಸಿ ಒಳಗ ಸೇರಬೇಕು. ಕಡೀ ಗುಡುಗು ಕೇಳಿದ ಮ್ಯಾಲ ಅರ್ಧ ತಾಸು ಕುಂಡ್ರಬೇಕು, ಮಳಿ ನಿಂತತಿ ಅಂತ ಎದ್ದು ಹೊಂಟು ಬಿಡೋದು ಭಾಳ ಮಂದಿ ಮಾಡ್ತಾರ ಅದು ಬ್ಯಾಡ. ಒಳಗ ಅಂದ್ರ ಆರ್‌ಸಿಸಿ ಮನಿ, ಸಾಲಿ, ಸಮುದಾಯ ಭವನ, ಇಲ್ಲಾ ಕಿಟಕಿ ಏರಿಸಿದ ಕಾರು. ಹೊಲದಾಗಿನ ಗುಡಸಲಾ, ತಗಡಿನ ಶೆಡ್ಡು, ಒಂಟಿ ಬೇವಿನ ಗಿಡ, ಹುಣಸಿ ಗಿಡ ಇವ್ಯಾವೂ ಲೆಕ್ಕಕ್ಕಿಲ್ಲ. ಆ ಕಡೆ ಗುಡ್ಡದ ಮ್ಯಾಲ ಗಾಳಿ ಕಂಬ ಅವ ನೋಡ್ರಿ, ಬುಡ ದಪ್ಪ ಅದ ಅಂತ ಅದಕ್ಕ ಆತು ನಿಲ್ಲಬ್ಯಾಡ್ರಿ, ಎತ್ತರದ್ದಕ್ಕ ಸಿಡ್ಲು ಮೊದಲ ಬಡೀತದ. ಸೈಕಲ್ಲಿನ ರಬ್ಬರ್ ಟೈರ್ ಕಾಪಾಡತದ ಅನ್ನೋದು ಸುಳ್ಳು. ಏನೂ ಸಿಗಲಿಲ್ಲಂದ್ರ ಸೈಕಲ್ ದೂರ ಇಟ್ಟು, ತಂತಿ ಬೇಲಿಯಿಂದ ಸರದು, ಒಬ್ಬರಿಂದ ಒಬ್ಬರು ದೂರ ಆಗಿ, ತಗ್ಗಿನ್ಯಾಗ ಹಿಮ್ಮಡಿ ಕೂಡಿಸಿ ಕುಕ್ಕರಗಾಲಿಲೆ ಕುಂಡ್ರಿ, ಮಲಗಬ್ಯಾಡ್ರಿ, ಹಳ್ಳದೊಳಗಂತೂ ಇಳೀಬ್ಯಾಡ್ರಿ. ಯಾರಿಗರೆ ಬಡದ್ರ ಮುಟ್ಟಾಕ ಅಂಜಬ್ಯಾಡ್ರಿ, ಮೈಯಾಗ ಕರೆಂಟ್ ಉಳದಿರೂದಿಲ್ಲ, ಉಸಿರು ನಿಂತಿದ್ರ ಎದಿ ಒತ್ತಾಕ ಶುರು ಮಾಡಿ 108ಕ್ಕ ಫೋನ್ ಹಚ್ರಿ. ಪುಣೆದ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ದಾಮಿನಿ ಆ್ಯಪ್ ಎಲ್ಲಾರೂ ಹಾಕ್ಕೋರಿ, ಸುತ್ತಮುತ್ತ ಸಿಡ್ಲು ಎಲ್ಲಿ ಬೀಳಾಕತ್ತೇದ ತೋರಸತದ, ಆದ್ರ ಗುಡ್ಡದ ಸಂದ್ಯಾಗ ನೆಟ್‌ವರ್ಕ್ ಹೋಗ್ತದ, ಅದಕ್ಕ ಎಣಸೂದು ರೂಢಿ ಇರ್ಲಿ.

ಇನ್ನ ಗಾಳಿ. ಮಳಿ ಬರೂಕಿಂತ ಮೊದಲ ಒಮ್ಮೆಲೆ ತಣ್ಣಗಿನ ಗಾಳಿ ಬೀಸತದಲ್ಲ, ಅದು ಮೋಡದಾಗ ಮಳಿಯಿಂದ ತಣ್ಣಗಾದ ಹವಾ ಧಪ್ಪಂತ ನೆಲಕ್ಕ ಬಿದ್ದು ನಾಕೂ ಕಡೆ ಹರಡಿದ್ದು. ಮಸಾರಿ ನೆಲದ ಕೆಂಪು ಧೂಳಿ ಎದ್ದು ನಿಮ್ಮ ಕಡೆ ಬರಾಕತ್ತೇದ ಅಂದ್ರ ಹ್ಯಾಂಡಲ್ ಗಟ್ಟಿ ಹಿಡದು ಸಾವಕಾಶ ನಿಲ್ಲಸ್ರಿ, ಇಳಿಜಾರಿನ್ಯಾಗ ಅಡ್ಡ ಗಾಳಿ ಬಡದ್ರ ಸೈಕಲ್ ರೋಡಿನ ಆ ದಂಡಿಯಿಂದ ಈ ದಂಡಿಗೆ ಹೋಗ್ತದ, ಹಿಂದ ಲಾರಿ ಬರತಿರತದ.

ಹೊಲದ ಹಾದಿ ಶಾರ್ಟ್‌ಕಟ್ ಅಂತ ಎರಿ ಹೊಲಕ್ಕ ಇಳೀಬ್ಯಾಡ್ರಿ. ಎರಿ ತೊಯ್ದ್ರ ಟೈರಿಗೆ ಪದರ ಪದರ ಹತ್ತಿ, ಫೋರ್ಕಿಗೂ ಮಡ್‌ಗಾರ್ಡಿಗೂ ತುಂಬಿ, ನಾಕು ಮಾರು ಹೋಗೂದ್ರಾಗ ಗಾಲಿ ತಿರಗೂದ ನಿಲ್ಲತದ, ಕಟಿಗಿ ತಗೊಂಡು ಕೆರದು ನಾಕು ಹೆಜ್ಜಿ ಹಾಕಿದ್ರ ಮತ್ತ ಅಷ್ಟ, ಕಡೀಕ ಸೈಕಲ್ ಹೆಗಲ ಮ್ಯಾಲ ಹೊರೋದು. ಹಳ್ಳ ತುಂಬಿ ರೋಡಿನ ಮ್ಯಾಲ ನೀರು ಹರೀತಿದ್ರ ಕಾಯ್ರಿ. ನಿಮ್ಮ ತಲಿ ಮ್ಯಾಲ ಬಿಸಲ ಇದ್ರೂ ಮ್ಯಾಲಕಡೆ ಮಳಿ ಆಗಿ ನೀರು ಬರತದ.

ರೇನ್‌ಕೋಟ್ ದುಬಾರಿ ಬೇಕಾಗಿಲ್ಲ, ಬಣ್ಣ ಮಾತ್ರ ಹಳದಿ ಇಲ್ಲಾ ಕೇಸರಿ ಇರ್ಲಿ, ಲಾರಿಯವರಿಗೆ ಕಾಣಬೇಕು. ಅದಕ್ಕಿಂತ ಮುಖ್ಯ ಪ್ಲಾಸ್ಟಿಕ್ ಚೀಲದಾಗ ಒಂದು ಒಣ ಬನೀನು, ಸಾಕ್ಸು. ತೊಯ್ದ ಮೈಲೆ ಇಳಿಜಾರು ಇಳದ್ರ ಚಳಿಗೆ ಬೆರಳು ಸೆಟದು ಬ್ರೇಕ್ ಹಿಡ್ಯಾಕ ಆಗೂದಿಲ್ಲ. ಹಳೆ ಪೇಪರ್ ಇದ್ರ ಅಂಗಿ ಒಳಗ ಎದಿ ಮ್ಯಾಲ ಹಾಕ್ಕೋರಿ, ಗಾಳಿ ತಡೀತದ.

ವಾಪಸ್ ಹುಬ್ಬಳ್ಳಿಗೆ ಸೈಕಲ್ ಮ್ಯಾಲ ಬರೋ ವಿಚಾರ ಬಿಡ್ರಿ. ಮುಂಗಾರು ಹತ್ರ ಬಂದಾಗ ಗಾಳಿ ಪಶ್ಚಿಮದಿಂದ ಬೀಸತದ, ಹೋಗೂ ಮುಂದ ಬೆನ್ನಿಗೆ, ಬರೂ ಮುಂದ ಮುಖಕ್ಕ, ಅಣ್ಣಿಗೇರಿ ಬಯಲಾಗ ಒಂದು ಮರೆ ಸಿಗೂದಿಲ್ಲ. ಗದಗ ಸ್ಟೇಷನ್ ಪಾರ್ಸಲ್ ಆಫೀಸನ್ಯಾಗ ಸೈಕಲ್ ಬುಕ್ ಮಾಡಿ ಟ್ರೇನಿಗೆ ಬರ್ರಿ, ಯಾವ ಗಾಡಿಗೆ ಲಗೇಜ್ ಡಬ್ಬಿ ಅದ ಅಂತ ಹಿಂದಿನ ದಿನಾನ ಕೇಳಿಟ್ಕೋರಿ.

ಪ್ರಶ್ನೆ: ಮಗಳು ಕಾಲೇಜಿನ ಹುಡುಗರ ಜೋಡಿ ಸೈಕಲ್ ಟೂರ್ ಹೋಗ್ತಾಳಂತ. ಹಳೆ ಸೈಕಲ್ಲಿಗೆ ರಬ್ಬರ್ ಬ್ರೇಕ್ ಅದಾವು. ಮಳ್ಯಾಗ ಅವು ನಡೀತಾವೇನ್ರಿ, ಡಿಸ್ಕ್ ಬ್ರೇಕಿಂದು ಹೊಸಾದು ಕೊಡಸಬೇಕೇನು?
— ಓದುಗರೊಬ್ಬರು, ಧಾರವಾಡ

ಉತ್ತರ: ಅದಕ್ಕಂತ ಹೊಸಾದು ಬ್ಯಾಡ್ರಿ ಅಕ್ಕಾರ. ಗಾಲಿ ಹಸಿ ಇದ್ದಾಗ ಬ್ರೇಕ್ ಒತ್ತಿದ್ರ ಮೊದಲು ಏನೂ ಆಗೂದಿಲ್ಲ, ರಬ್ಬರ್ ರಿಮ್ಮಿನ ಮ್ಯಾಲಿನ ನೀರು ಒರಸಾಕತ್ತಿರತದ, ಗಾಲಿ ಒಂದೆರಡು ಸುತ್ತು ತಿರಗಿದ ಮ್ಯಾಲ ಗಪ್ಪಂತ ಹಿಡೀತದ. ಹುಡುಗೂರು ಅಂಜಿ ಜೋರಾಗಿ ಒತ್ತೋದು ಆ ನಡುವಿನ ಹೊತ್ತಿನ್ಯಾಗ, ಹಿಡದಾಗ ಸೈಕಲ್ ಜಾರತದ. ಇಳಿಜಾರು ಶುರು ಆಗೂಕಿಂತ ಮೊದಲ ಹಗೂರಕ ಒತ್ತಿ ಒರಸ್ಕೋತ ಇರಬೇಕು, ತಿರುವಿನೊಳಗ ಒತ್ತಬಾರದು, ತಿರುವಿಗಿಂತ ಮೊದಲ ಸ್ಪೀಡ್ ಇಳಿಸಬೇಕು. ರಬ್ಬರ್ ಸವದಿದ್ರ ಹೊಸಾವು ಹಾಕಸ್ರಿ, ಕಮ್ಮಿ ರೊಕ್ಕದಾಗ ಆಗ್ತದ. ಹವಾ ದಿನಕ್ಕಿಂತ ಚೂರು ಕಮ್ಮಿ ಇರ್ಲಿ, ತೊಯ್ದ ರೋಡ್ ಛಲೋ ಹಿಡೀತದ. ಮನಿ ಹತ್ರ ಇಳಿಜಾರಿನ್ಯಾಗ ಸಣ್ಣ ಮಳ್ಯಾಗ ನಾಕು ಸಲ ಇಳದು ನೋಡ್ಲಿ, ಆಮ್ಯಾಲ ಕಳಸ್ರಿ.

ಪ್ರಶ್ನೆ: ಮಳ್ಯಾಗ ತೊಯ್ದ ಸೈಕಲ್ಲಿನ ಚೈನ್ ಒಂದ ರಾತ್ರ್ಯಾಗ ತುಕ್ಕು ಹಿಡೀತದ, ಏನ್ ಮಾಡೋದು?
— ಓದುಗರು, ಹಾವೇರಿ

ಉತ್ತರ: ಮನಿಗೆ ಬಂದ್ಕೂಡ್ಲೆ ನೀರು ಹೊಡದು ಮಣ್ಣು ತಗೀರಿ, ಹಳೆ ಬನೀನಿಲೆ ಚೈನ್ ಒರಸ್ರಿ, ಒಣಗಿದ ಮ್ಯಾಲ ಎಣ್ಣಿ ಬಿಡ್ರಿ, ಹೆಚ್ಚಾದ ಎಣ್ಣಿ ಒರಸಿ ಬಿಡ್ರಿ ಇಲ್ಲಂದ್ರ ಮರುದಿನ ಧೂಳಿ ಹಿಡೀತದ. ಸೀಟ್ ಪೈಪ್ ತಗದು ಸೈಕಲ್ ತಲಿಕೆಳಗ ಮಾಡ್ರಿ, ಫ್ರೇಮಿನೊಳಗ ನಿಂತ ನೀರು ಹೋಗ್ತದ. ಬ್ರೇಕ್ ರಬ್ಬರಿನ್ಯಾಗ ಸಣ್ಣ ಹಳ್ಳು ಸಿಕ್ಕಿದ್ರ ಸೂಜಿಲೆ ಕಿತ್ತು ಹಾಕ್ರಿ, ಬಿಟ್ರ ರಿಮ್ಮು ಕೊರೀತದ.